ಹೂಂಗುಟ್ಟುವವರ ಊರು

ನಮ್ಮೂರಿನ ಒಂದು ತುದಿಗೆ ವಿಮಾನ ಇಳಿಯುತ್ತದೆ, ಇನ್ನೊಂದು ತುದಿಯಿಂದ ಏರುತ್ತದೆ, ನಡುವೆ ಪೇಟೆ. ಒಂದೇ ಟಿಕೆಟಿನಲ್ಲಿ ಮುಂದಕ್ಕೆ ಹೋಗುವ ಪುಣ್ಯವಂತರಿಗೆ ನಡುವೆ ಇಂಥದೊಂದು ಊರಿದೆ ಎಂಬುದೂ ಗೊತ್ತಾಗುವುದಿಲ್ಲ. ಅವರನ್ನು ಪರದೆ ಎಳೆದ ಬಸ್ಸಿನಲ್ಲಿ ಕೂರಿಸಿ ಆಚೆಗೆ ಒಯ್ಯುತ್ತಾರೆ; ಅವರ ಪೆಟ್ಟಿಗೆಗಳು ಒಂದು ವಿಮಾನದ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ಸದ್ದಿಲ್ಲದೆ ದಾಟಿಕೊಳ್ಳುತ್ತವೆ. ನಮಗೆ ಅನ್ನ ಹಾಕುವವರು ಎರಡು ಟಿಕೆಟಿನವರು. ಇಲ್ಲಿಯವರೆಗೆ ಒಂದು ಕಂಪನಿ, ಇಲ್ಲಿಂದ ಮುಂದಕ್ಕೆ ಇನ್ನೊಂದು. ಮೊದಲನೆಯವರು ನಮ್ಮ ಕೆಲಸ ಮುಗಿಯಿತೆಂದು ಪೆಟ್ಟಿಗೆಯನ್ನು ಉರುಳಿಸಿ ಕೈ ತೊಳೆದುಕೊಳ್ಳುತ್ತಾರೆ. ಎರಡನೆಯವರು ತಂದು ಒಪ್ಪಿಸಿದರೆ ನೋಡೋಣ ಎಂದು ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ. ತಡವಾಗಿ ವಿಮಾನ ತಪ್ಪಿದರೆ ಇವರೂ ಕೇಳುವವರಲ್ಲ, ಅವರೂ ಕೇಳುವವರಲ್ಲ. ಅತ್ತ ದರಿ, ಇತ್ತ ಪುಲಿ. ಆ ಎರಡರ ನಡುವಿನ ಜಾಗದಲ್ಲಿ ನಾವು ಮಿರ್ಚಿ ಭಜಿ ಕರಿದುಕೊಂಡು ಆರಾಮವಾಗಿದ್ದೇವೆ.

ಆದರೆ ನಮ್ಮೂರಿನ ನೆಲ ಮುಟ್ಟಿದ ಪೆಟ್ಟಿಗೆ ಸುಮ್ಮನೆ ಏಳುವುದಿಲ್ಲ. ಅದರೊಳಗೆ ಏನೇನಿದೆ ಎಂದು ಅದರ ಒಡೆಯರು ಬಾಯಿ ಬಿಟ್ಟು ಹೇಳಬೇಕು, ಒಂದೊಂದಕ್ಕೂ ಊರಿನವರೊಬ್ಬರು ಹೂಂ ಅನ್ನಬೇಕು. ಹೇಳಿದ್ದು, ಹೂಂ ಅನ್ನಿಸಿಕೊಂಡದ್ದು, ಭಾರ ಕಳೆದುಕೊಳ್ಳುತ್ತದೆ. ಎಲ್ಲವೂ ಮುಗಿದಾಗ ಪೆಟ್ಟಿಗೆ ಮೊಣಕಾಲಿನ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಆಮೇಲೆ ಒಂದು ಬೆರಳಿನಲ್ಲಿ ಹಿಡಿದುಕೊಂಡು ಕರುವಿನ ಹಾಗೆ ಪೇಟೆಯುದ್ದಕ್ಕೂ ನಡೆಸಿಕೊಂಡು ಹೋಗಬಹುದು. ಹೇಳದೆ ಬಿಟ್ಟದ್ದು ಒಂದು ಕರವಸ್ತ್ರವಾದರೂ ಸಾಕು, ಜಟ್ಟಿಗಳು ಬಂದರೂ ಅಲುಗಾಡಿಸಲಾರರು. ಬಿಚ್ಚಿ ನೋಡಬಾರದೇ ಎನ್ನುತ್ತೀರಿ. ನೆಲಕ್ಕೆ ಕೂತ ಪೆಟ್ಟಿಗೆಯ ಬೀಗವನ್ನು ಬ್ರಹ್ಮನೂ ತೆಗೆಯಲಾರ.

ಹಾಗಾಗಿ ನಮ್ಮ ಪೆಟ್ಟಿಗೆ ಮನೆಯಲ್ಲಿ ದೊಡ್ಡ ದೊಡ್ಡವರೆಲ್ಲ ತಲೆ ತಗ್ಗಿಸಿ ತಮ್ಮ ಒಳಚಡ್ಡಿಯ ಬಣ್ಣ ಹೇಳುತ್ತಾರೆ. ಒಬ್ಬ ಸಿರಿವಂತ ಗುತ್ತಿಗೆದಾರ ತನ್ನ ಟೋಪನ್ನಿನ ಹೆಸರು ಎತ್ತಲಾರದೆ ಮಧ್ಯಾಹ್ನವೆಲ್ಲ ಕೂತಿದ್ದ. ತಲೆಯ ಮೇಲಿರುವುದು ಒಂದು, ಪೆಟ್ಟಿಗೆಯಲ್ಲಿರುವುದು ಇನ್ನೊಂದು. ಯಾರಾದರೂ ಹೇಳುತ್ತಿರುವಾಗ ಉಳಿದವರು ಛಾವಣಿ ನೋಡಬೇಕೆಂಬುದು ಊರಿನ ಮರ್ಯಾದೆ. ಎಲ್ಲರೂ ಸದಾ ಅದನ್ನೇ ನೋಡುವುದರಿಂದ ಛಾವಣಿಗೆ ಗಿಳಿ, ಬಳ್ಳಿ, ದ್ರಾಕ್ಷಿ ಗೊಂಚಲು ಬರೆಸಿದ್ದೇವೆ. ನೆಲ ಗುಡಿಸುವುದನ್ನು ಮರೆತರೂ ಛಾವಣಿಯ ಜೇಡರ ಬಲೆ ತೆಗೆಯುವುದನ್ನು ಮರೆಯುವುದಿಲ್ಲ.

ನಾನು ಅಲ್ಲಿ ಹೂಂಗುಟ್ಟುವವನು. ಹೂಂ ಅನ್ನುವುದೇನು ಮಹಾ ಎಂದುಕೊಳ್ಳಬೇಡಿ. ಅದರಲ್ಲಿ ಬೆರಗು ಇರಬಾರದು, ನಗು ಇರಬಾರದು, ಮುಂದೇನು ಎಂಬ ಕುತೂಹಲವಂತೂ ಇರಲೇಬಾರದು. ಪ್ರಶ್ನೆ ಕೇಳುವಂತಿಲ್ಲ. ಕೇಳಿದ್ದನ್ನು ಮನೆಗೆ ಒಯ್ಯುವಂತಿಲ್ಲ. ಯಮನೂರಪ್ಪನ ಹೂಂ ಅಂದರೆ ತುಪ್ಪದಲ್ಲಿ ಅದ್ದಿದ ಹಾಗೆ ಎಂದು ನಾಲ್ಕು ಜನ ಹೇಳುತ್ತಾರೆ. ಅವರು ಹೇಳುವಾಗಲೂ ನಾನು ಹೂಂ ಅನ್ನುತ್ತೇನೆ. ಈ ಚಟದಿಂದಲೇ ನನ್ನ ಮದುವೆಯೂ ಆಯಿತು. ಚಹಾದ ಅಂಗಡಿಯಲ್ಲಿ ಒಬ್ಬ ಹಿರಿಯರು ಪಕ್ಕದಲ್ಲಿ ಕೂತು ತಮ್ಮ ಮಗಳ ಗುಣಗಾನ ಮಾಡುತ್ತಿದ್ದರು. ನಾನು ಮಾತಿಗೊಂದು ಹೂಂ ಹಾಕುತ್ತಾ ಹೋದೆ. ಚಹಾ ಮುಗಿಯುವ ಹೊತ್ತಿಗೆ ಅಕ್ಕಿಕಾಳಿಗೆ ದಿನ ಗೊತ್ತಾಗಿತ್ತು. ಆ ಮಗಳು ನೀಲವ್ವ ಈಗ ಪೆಟ್ಟಿಗೆ ಮನೆಯ ಬಾಗಿಲಲ್ಲೇ ಭಜಿ ಕರಿಯುತ್ತಾಳೆ. ಅಂದಿನಿಂದ ಇಂದಿನವರೆಗೆ ನನ್ನ ಯಾವ ಮಾತಿಗೂ ಅವಳು ಹೂಂ ಅಂದದ್ದಿಲ್ಲ.

ಶಶಿರೇಖಾ ಎಂಬ ಹೆಂಗಸು ಬಂದ ದಿನ ಆಕೆಯ ಮೊದಲನೆಯ ವಿಮಾನವೇ ತಡವಾಗಿತ್ತು. ನೀಲಿ ಬಣ್ಣದ ಹಳೆಯ ಸೂಟ್‌ಕೇಸು, ಅದಕ್ಕೆ ಸೀರೆಯ ಫಾಲ್ಸ್ ಬಟ್ಟೆಯಲ್ಲಿ ಅಡ್ಡಡ್ಡ ಉದ್ದುದ್ದ ಬಿಗಿದ ಗಂಟು. ಅದು ಧೊಪ್ಪೆಂದು ನೆಲಕ್ಕೆ ಬಿದ್ದ ಸದ್ದಿಗೆ ಬಾಣಲೆಯ ಎಣ್ಣೆ ತುಳುಕಿತು. ಆಕೆ ನಲವತ್ತು ದಾಟಿದವಳು. ಬ್ಲೌಸು ಹೊಲಿಯುವವಳೆಂಬುದು ಕೊರಳಲ್ಲಿ ಮರೆತು ಬಿಟ್ಟಿದ್ದ ಅಳತೆ ಟೇಪಿನಿಂದಲೇ ಗೊತ್ತಾಗುತ್ತಿತ್ತು. ನಾಳಿದ್ದು ಬೆಳಗ್ಗೆ ಆಕೆಯ ಮದುವೆ. ಈ ವಿಮಾನ ಬಿಟ್ಟರೆ ಮುಂದಿನದು ನಾಳೆ ಸಂಜೆಗೆ, ಅಷ್ಟರಲ್ಲಿ ಅರಿಶಿನದ ಶಾಸ್ತ್ರವೇ ತಪ್ಪಿಹೋಗುತ್ತದೆ. ಇದನ್ನು ಹೇಳುವಾಗ ಆಕೆಯ ಮುಖ ಹುಡುಗಿಯಂತೆ ಕೆಂಪಾಯಿತು. ನನಗೆ ಆ ಕ್ಷಣಕ್ಕೇ ಆಕೆ ಇಷ್ಟವಾಗಿಬಿಟ್ಟಳು.

ಸಾಮಾನು ಹೇಳುವಾಗ ಜನ ಬರೀ ಸಾಮಾನು ಹೇಳುವುದಿಲ್ಲ. ಮದುವೆಯ ಸೀರೆ ಎಂದವಳು ಅದನ್ನು ಆರಿಸಿದ್ದು ತನ್ನ ಅತ್ತೆ ಎಂದಳು. ಹೂಂ ಅಂದೆ. ಅತ್ತೆ ಎಂದರೆ ತೀರಿಹೋದ ಗಂಡನ ತಾಯಿ, ಪುಟ್ಟತಾಯಮ್ಮ. ಮಗ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಬಸ್ ನಿಲ್ದಾಣದ ಮಹಡಿಯಲ್ಲಿ ಹೊಲಿಗೆ ಅಂಗಡಿ ನಡೆಸಿಕೊಂಡಿದ್ದರು. ಮಿಷನ್ನು ಮೇಲಿಂದ ಮೇಲೆ ಕೆಡುತ್ತಿತ್ತು, ರಿಪೇರಿಗೆ ಚೆಲುವರಾಜು ಎಂಬಾತ ಬರುತ್ತಿದ್ದ. ಅಷ್ಟು ಗಟ್ಟಿ ಮಿಷನ್ನು ಅಷ್ಟು ಸಲ ಯಾಕೆ ಕೆಡುತ್ತದೆ ಎಂದು ಸೊಸೆ ತಲೆ ಕೆಡಿಸಿಕೊಂಡಿದ್ದಾಗ, ಒಂದು ದಿನ ಅತ್ತೆಯ ದಿಂಬಿನ ಕೆಳಗೆ ಮಿಷನ್ನಿನ ಸ್ಕ್ರೂಗಳು ಸಿಕ್ಕವು. ನನಗೆ ನಗು ತಡೆಯಲಾಗಲಿಲ್ಲ, ಆದರೂ ಕಸುಬು ಬಿಡದೆ ಹೂಂ ಅಂದೆ. ಆಮೇಲೆ ಚೆಲುವರಾಜುವಿಗೆ ದೂರದ ಊರಿನ ಕಾರ್ಖಾನೆಯಲ್ಲಿ ಕೆಲಸವಾಯಿತು. ಪುಟ್ಟತಾಯಮ್ಮನೇ ಅವನನ್ನು ಕೂರಿಸಿಕೊಂಡು ಮದುವೆ ಮಾತು ಮುಗಿಸಿದರು. ಕಳಿಸುವ ಮನೆಯವರು ಅರ್ಧ ದಾರಿಗೆ ಟಿಕೆಟು ಮಾಡಿಸಬೇಕು, ಕರೆಸಿಕೊಳ್ಳುವ ಮನೆಯವರು ಉಳಿದರ್ಧಕ್ಕೆ ಎಂಬ ಹಟವೂ ಅವರದೇ. ಹಾಗೆ ಟಿಕೆಟು ಎರಡಾಗಿ, ಪೆಟ್ಟಿಗೆ ನಮ್ಮ ನೆಲಕ್ಕೆ ಬಂದಿತ್ತು.

ಪೆಟ್ಟಿಗೆ ತುಂಬಿದ್ದೂ ಅತ್ತೆಯೇ. ಸೊಸೆಗೆ ಬೀಗದ ಕೈ ಕೊಟ್ಟದ್ದು ಬಾಗಿಲ ಹತ್ತಿರ. ಆದರೂ ಏನೇನಿದೆಯೆಂದು ತನಗೆ ಗೊತ್ತೆಂದು ಶಶಿರೇಖಾ ಧೈರ್ಯವಾಗಿದ್ದಳು. ಆರು ಬ್ಲೌಸು, ಲಂಗಗಳು, ಕತ್ತರಿ, ಕುಂಕುಮದ ಭರಣಿ, ಚೆಲುವರಾಜುವಿಗೆ ತಾನೇ ಹೊಲಿದ ಅಂಗಿ, ಮಂಡಿನೋವಿನ ಎಣ್ಣೆ ಎಂದು ಸರಸರನೆ ಹೇಳಿದಳು. ಪೆಟ್ಟಿಗೆ ಮಿಸುಕಿತು. ಮೂರು ಮೂಲೆ ಮೇಲೆದ್ದವು. ನಾಲ್ಕನೆಯದು ನೆಲ ಕಚ್ಚಿಕೊಂಡೇ ಉಳಿಯಿತು.

ಆಚೆ ತುದಿಯಿಂದ ಎರಡನೆಯ ಕಂಪನಿಯ ಗುರುಪಾದನ ಮೈಕು ಊರಿಗೆಲ್ಲ ಕೇಳುವಂತೆ ಕೂಗಿತು, ಇನ್ನು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ತಗೊಳ್ಳುವುದು ನಿಲ್ಲುತ್ತದೆ ಎಂದು. ಗುರುಪಾದ ಕೆಟ್ಟವನಲ್ಲ. ಆದರೆ ಶಟರು ಎಳೆಯುವುದೆಂದರೆ ಅವನಿಗೆ ಎಲ್ಲಿಲ್ಲದ ಸಂತೋಷ.

ಅಲ್ಲಿಗೆ ನೀಲವ್ವನ ತಾಳ್ಮೆ ಮುಗಿಯಿತು. ಭಜಿ ಎತ್ತುವ ಜಾರೆ ಹಿಡಿದುಕೊಂಡೇ ಒಳಗೆ ಬಂದು, ಅತ್ತೆ ಅಂದಮೇಲೆ ಉಪ್ಪಿನಕಾಯಿ ಇಡದೆ ಇರುತ್ತಾರೆಯೇ ಎಂದಳು. ಇದು ಮರ್ಯಾದೆಗೆ ವಿರುದ್ಧ. ಹೇಳುವವರ ನಡುವೆ ಮೂರನೆಯವರು ಬಾಯಿ ಹಾಕಬಾರದು. ಆದರೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ. ಛಾವಣಿ ನೋಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕತ್ತು ಇಳಿಸಿದರು. ನಿಂಬೆ ಉಪ್ಪಿನಕಾಯಿ, ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೊಬ್ಬರಿ ಬಟ್ಟಲು, ದೃಷ್ಟಿ ತೆಗೆಯುವ ಮೆಣಸಿನಕಾಯಿ, ಬಾಣಂತಿ ಲೇಹ್ಯ. ಬಾಣಂತಿ ಲೇಹ್ಯ ಎಂದವರನ್ನು ನೀಲವ್ವ ಜಾರೆ ಎತ್ತಿ ಹೆದರಿಸಿದಳು. ಯಾರು ಏನು ಹೇಳಿದರೂ ಶಶಿರೇಖಾ ಅದನ್ನೇ ತಿರುಗಿ ಹೇಳುವುದು, ನಾನು ಹೂಂ ಅನ್ನುವುದು. ಒಬ್ಬ ಮುದುಕರು ಬಹಳ ಯೋಚಿಸಿ, ಬೆಕ್ಕು ಇದ್ದರೂ ಇರಬಹುದು, ನಮ್ಮ ಮನೆಯಲ್ಲಿ ಒಮ್ಮೆ ಹಾಗಾಗಿತ್ತು ಎಂದರು. ಆಕೆ ಬೆಕ್ಕು ಎಂದಳು. ಪೆಟ್ಟಿಗೆ ಜಪ್ಪಯ್ಯ ಎಂದರೂ ಏಳಲಿಲ್ಲ.

ನಗುನಗುತ್ತಲೇ ಇದ್ದ ಶಶಿರೇಖಾ ಇದ್ದಕ್ಕಿದ್ದಂತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಹೊರಡುವ ದಿನ ಅಂಗಡಿಯ ಗೋಡೆಯಲ್ಲಿ ಬರೀ ಮೊಳೆ ಇತ್ತು, ಅಲ್ಲಿ ಯಾವಾಗಲೂ ಇರುತ್ತಿದ್ದದ್ದು ಇರಲಿಲ್ಲ ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಮ್ಮೆಜಮಾನರ ಫೋಟೋ" ಎಂದಳು.

ಎಲ್ಲರ ಕತ್ತೂ ಒಟ್ಟಿಗೆ ಛಾವಣಿಗೆ ಏರಿತು. ನಾನು ಹೂಂ ಅಂದೆ. ಅಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಪೆಟ್ಟಿಗೆ ಅಲುಗಲಿಲ್ಲ.

ಆಕೆ ದೊಡ್ಡದೊಂದು ಉಸಿರು ಬಿಟ್ಟಳು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗುವೂ ಬಂತು. ವಿಮಾನದಲ್ಲಿ ಕೂತಾಗಿನಿಂದ ಅದೇ ಹೆದರಿಕೆಯಂತೆ. ಹೊಸ ಮನೆಯಲ್ಲಿ, ಚೆಲುವರಾಜುವಿನ ಎದುರಿಗೆ ಪೆಟ್ಟಿಗೆ ಬಿಚ್ಚಿದಾಗ ಮೊದಲು ಅದೇ ಮುಖ ಕಂಡರೆ ತಾನು ಏನು ಮಾಡಬೇಕು ಎಂದು. ಹಾಕಿಲ್ಲ, ಅತ್ತೆ ಹಾಕಿಲ್ಲ ಎಂದು ನನಗೇ ಸಮಾಧಾನ ಹೇಳುವವಳಂತೆ ಹೇಳಿದಳು.

ಫೋನ್ ಮಾಡ್ರಿ ಎಂದು ನೀಲವ್ವ ಗದರಿಸಿದಳು. ಅಷ್ಟು ಹೊತ್ತು ಅದು ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ನಮ್ಮೂರಿನಲ್ಲಿ ಎದುರಿಗಿದ್ದವರ ಬಾಯಿಂದ ಬಂದದ್ದೇ ಲೆಕ್ಕ. ಶಶಿರೇಖಾ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು. ಪುಟ್ಟತಾಯಮ್ಮ ತಾನು ಹೆಚ್ಚಿಗೆ ಒಂದು ಗುಂಡುಸೂಜಿಯನ್ನೂ ಹಾಕಿಲ್ಲ ಎಂದರು. ಎರಡನೆಯ ಸಲ ಕೇಳಿದ್ದಕ್ಕೆ, ಎಪ್ಪತ್ತು ದಾಟಿದವಳನ್ನು ಕಳ್ಳಿ ಅನ್ನುತ್ತೀಯಾ ಎಂದರು. ಮದುವೆಗೆ ಬನ್ನಿ ಅತ್ತೆ ಎಂದು ಸೊಸೆ ಮತ್ತೆ ಕರೆದಳು. ಅದೂ ಹಳೆಯ ಜಗಳವಂತೆ. ಮಗನನ್ನು ಕಳೆದುಕೊಂಡವಳು ಸೊಸೆಯ ಮದುವೆಗೆ ಬಂದು ಅಕ್ಷತೆ ಹಾಕಿದರೆ ನೋಡಿದವರು ಏನಂದಾರು ಎಂಬುದು ಅತ್ತೆಯ ಮಾತು. ಈಗಲೂ ಅದನ್ನೇ ಅಂದರು.

ಗುರುಪಾದನ ಮೈಕು ಕೊನೆಯ ಸಲ ಎಂದು ಕೂಗಿತು. ಫೋನ್ ಇಡಬಹುದು ಎಂದು ನಾವೆಲ್ಲ ಕಾದೆವು. ಆದರೆ ಶಶಿರೇಖಾ ಇಡಲಿಲ್ಲ. ಕಿವಿಗೆ ಒತ್ತಿಕೊಂಡು, ಮಾತನ್ನಲ್ಲ, ಮಾತಿನ ಹಿಂದಿನದೇನನ್ನೋ ಆಲಿಸುವವಳಂತೆ ನಿಂತಳು. ನನಗೆ ಇನ್ನು ತಡೆಯಲಾಗಲಿಲ್ಲ. ಹೂಂಗುಟ್ಟುವವನು ಪ್ರಶ್ನೆ ಕೇಳಬಾರದೆಂಬ ನಮ್ಮಪ್ಪನ ಕಾಲದ ಕಟ್ಟಳೆಯನ್ನು ಅಲ್ಲೇ ಮುರಿದೆ.

"ಏನು ಕೇಳಾಕತ್ತೀರಿ ಅಕ್ಕಾರ?"

"ಏನೂ ಕೇಳಿಸ್ತಾ ಇಲ್ಲ ಕಣ್ರೀ" ಎಂದಳು. "ಅದೇ ನೋಡ್ತಿದೀನಿ."

ಪುಟ್ಟತಾಯಮ್ಮನಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಎಲೆ ಅಡಿಕೆಯನ್ನು ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ ಪುಡಿ ಮಾಡಿಯೇ ಬಾಯಿಗೆ ಹಾಕಿಕೊಳ್ಳಬೇಕು. ಎದ್ದಾಗಿನಿಂದ ಮಲಗುವವರೆಗೆ ಅದು ಅವರ ಮಡಿಲಲ್ಲೇ. ಮಾತಾಡುವಾಗಲೂ ಕುಟ್ಟುತ್ತಲೇ ಮಾತು, ಫೋನಿನಲ್ಲೂ ಅಷ್ಟೇ. ಸಿಟ್ಟು ಬಂದರೆ ಮಾತು ನಿಲ್ಲುತ್ತದೆ, ಕುಟ್ಟುವುದು ನಿಲ್ಲುವುದಿಲ್ಲ. ಮದುವೆಗೆ ಬನ್ನಿ ಎಂದಾಗಲೆಲ್ಲ ಸೊಸೆಗೆ ಸಿಕ್ಕ ಉತ್ತರ ಟಕಟಕ ಟಕಟಕ ಎಂದೇ. ಈಗ ಆ ಸದ್ದಿಲ್ಲ.

"ಅತ್ತೆ, ಊಟ ಆಯ್ತಾ?" ಎಂದು ಕೇಳಿದಳು.

ಆಯಿತು ಎಂದಿತು ಫೋನು.

"ಎಲೆ ಹಾಕ್ಕೊಂಡ್ರಾ?"

ಫೋನು ಒಮ್ಮೆ ಕೆಮ್ಮಿತು. ಆಮೇಲೆ, "ಇವತ್ತು ಯಾಕೋ ಬೇಡ ಅನ್ನಿಸ್ತು ಬಿಡು" ಎಂದಿತು.

ಶಶಿರೇಖಾಳ ಮುಖ ಅರಳಿದ ಬಗೆಯನ್ನು ನಾನು ಏನೆಂದು ಹೇಳಲಿ. ಕುಟ್ಟಾಣಿ ಬಿಟ್ಟು ಒಂದು ಹಗಲೂ ಇರಲಾರದ ಮುದುಕಿ ಅದನ್ನೇ ಸೊಸೆಯ ಜೊತೆ ಮುಂದಕ್ಕೆ ಕಳಿಸಿದ್ದಾಳೆ. ಬರುತ್ತೇನೆ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಸಾಲದೆ, ಬರಲೇಬೇಕಾಗುವ ಹಾಗೆ ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡಿದ್ದಾಳೆ.

"ಕುಟ್ಟಾಣಿ" ಎಂದಳು ಶಶಿರೇಖಾ, ಪೆಟ್ಟಿಗೆಯ ಕಡೆ ತಿರುಗಿ.

ಈಗ ನಾನು ಹೂಂ ಅನ್ನಬೇಕು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕಸುಬು ಕೈಕೊಟ್ಟಿತು. ಬಾಯಿ ತೆರೆದೆ, ಗಾಳಿ ಬಂತು, ಹೂಂ ಬರಲಿಲ್ಲ. ಒಂದು ಪೆಟ್ಟಿಗೆಗೆ ಒಬ್ಬನೇ ಹೂಂಗುಟ್ಟುವವ ಎಂಬುದು ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೂ ಪೆಟ್ಟಿಗೆ ಮನೆಯಲ್ಲಿದ್ದವರೆಲ್ಲ, ಬೆಕ್ಕಿನ ಮುದುಕರು ಸೇರಿದಂತೆ, ಒಂದೇ ಉಸಿರಿಗೆ ಹೂಂ ಅಂದುಬಿಟ್ಟರು. ನೀಲವ್ವನೂ ಅಂದಳು. ಅವಳ ಬಾಯಲ್ಲಿ ಆ ಶಬ್ದ ಕೇಳಿ ನಾನು ಅತ್ತ ತಿರುಗಿದೆ. ತಿರುಗಿದ್ದರಿಂದ ಪೆಟ್ಟಿಗೆ ನೆಲ ಬಿಟ್ಟದ್ದನ್ನು ನೋಡಲಿಲ್ಲ.

ಅದು ಮೊಣಕಾಲಿಗೆ ನಿಲ್ಲಲಿಲ್ಲ. ಅಷ್ಟು ಜನರ ಹೂಂ ಹೊತ್ತ ಪೆಟ್ಟಿಗೆ ಅಂದೇ ಮೊದಲು. ಸೊಂಟ ದಾಟಿತು, ತಲೆ ದಾಟಿತು, ಗಿಳಿಗಳ ಹತ್ತಿರ ಹೋಯಿತು. ಶಶಿರೇಖಾ ಫಾಲ್ಸಿನ ಗಂಟಿಗೆ ಒಂದು ಕೈ ಹಾಕಿ ಜಗ್ಗಿದಳು. ಪೆಟ್ಟಿಗೆ ಇಳಿಯುವ ಬದಲು ಅವಳೇ ಏರಿದಳು. ನಾನು ಅವಳ ಟೇಪಿನ ತುದಿ ಹಿಡಿದುಕೊಂಡೆ, ಪೆಟ್ಟಿಗೆ ಬಾಗಿಲು ದಾಟಿ ಪೇಟೆಗೆ ನುಗ್ಗಿತು.

ಆ ಓಟವನ್ನು ನಮ್ಮೂರು ಇನ್ನೂ ಹಾಡಿ ಹೊಗಳುತ್ತದೆ. ಬಳೆ ಅಂಗಡಿಯ ಸೂರು ಸವರಿಕೊಂಡು, ಬದನೆಕಾಯಿ ರಾಶಿಯ ಮೇಲೆ ಕಾಲು ಬೆರಳು ಆಡಿಸಿಕೊಂಡು ಮದುವಣಗಿತ್ತಿ ಹೊರಟಳು. ಒಂದು ಚಪ್ಪಲಿ ಮೊಸರಿನ ಗಡಿಗೆಗೆ ಬಿತ್ತು. ಮೊಸರಿನವಳು ಬೈಯಲು ತಲೆ ಎತ್ತಿದವಳು, ಮೇಲಿದ್ದವಳ ನಗು ನೋಡಿ ತಾನೂ ನಕ್ಕಳು. ನಾನು ಕೆಳಗೆ ಟೇಪು ಹಿಡಿದು ಗಾಳಿಪಟದ ಹುಡುಗನಂತೆ ಓಡುತ್ತಿದ್ದೆ. ನನ್ನ ಹಿಂದೆ ನೀಲವ್ವ, ಒಂದು ಕೈಯಲ್ಲಿ ಮೊಸರಾದ ಚಪ್ಪಲಿ, ಇನ್ನೊಂದರಲ್ಲಿ ಭಜಿಯ ಪೊಟ್ಟಣ. ಮೇಲಿನಿಂದ ಶಶಿರೇಖಾ ಫೋನಿಗೆ ಕೂಗಿ ಹೇಳುತ್ತಿದ್ದದ್ದು ಪೇಟೆಗೆಲ್ಲ ಕೇಳಿಸಿತು.

"ಅತ್ತೆ, ನಿಮ್ಮ ಕುಟ್ಟಾಣಿ ನನ್ನ ಹತ್ರ ಇದೆ. ಯಾರ ಕೈಲೂ ವಾಪಸ್ ಕಳಿಸಲ್ಲ. ಬೇಕಾದ್ರೆ ನೀವೇ ಬಂದು ಇಸ್ಕೊಳ್ಳಿ. ನಾಳಿದ್ದು ಬೆಳಗ್ಗೆ ಮುಹೂರ್ತ."

ಆ ಕಡೆಯಿಂದ ಹೂಂ ಇಲ್ಲ, ಊಹೂಂ ಇಲ್ಲ. ಫೋನು ಕಟ್ಟಾಯಿತು.

ಗುರುಪಾದ ಶಟರನ್ನು ಅರ್ಧಕ್ಕೆ ಎಳೆದಿದ್ದ. ಉಳಿದರ್ಧದಲ್ಲಿ ಪೆಟ್ಟಿಗೆ, ಮದುವಣಗಿತ್ತಿ, ನಾನು ಈ ಕ್ರಮದಲ್ಲಿ ಒಳಗೆ ಬಿದ್ದೆವು. ತಕ್ಕಡಿಯ ಮೇಲೆ ಇಟ್ಟರೆ ಪೆಟ್ಟಿಗೆ ನಿಲ್ಲದು. ಹೆಚ್ಚು ತೂಕದ ಪೆಟ್ಟಿಗೆಗೆ ಏನು ಮಾಡಬೇಕೆಂದು ಗುರುಪಾದನಿಗೆ ಬಾಯಿಪಾಠ, ಇಂಥ ಕಡಿಮೆ ತೂಕಕ್ಕೆ ಏನು ಮಾಡಬೇಕೆಂದು ಅವನ ಕಂಪನಿ ಹೇಳಿಕೊಟ್ಟಿರಲಿಲ್ಲ. ಕೊನೆಗೆ ನಾನೂ ನೀಲವ್ವನೂ ಅದರ ಮೇಲೆ ಹತ್ತಿ ಕೂತೆವು, ಅವನು ಹೊಸ ಚೀಟಿ ಕಟ್ಟಿದ. ಚೀಟಿ ಕಟ್ಟಿದ್ದೇ ತಡ, ಅದು ಸಂಭಾವಿತ ಪೆಟ್ಟಿಗೆಯಂತೆ ತನ್ನ ಭಾರ ತಾನು ಹೊತ್ತುಕೊಂಡು ಒಳಗೆ ಹೋಯಿತು.

ಹೋಗುವ ಮೊದಲು ಶಶಿರೇಖಾ ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ತಿರುಗಿದಳು. ಅಷ್ಟು ಹೊತ್ತಿನ ನಗು ಮುಖದಲ್ಲಿ ಇನ್ನೂ ಇತ್ತು, ಆದರೆ ಕಣ್ಣು ಬೇರೆ ಏನನ್ನೋ ಕೇಳುತ್ತಿತ್ತು. "ಬರ್ತಾರೆ ಅಲ್ವಾ?" ಎಂದಳು.

ಹೂಂ ಅನ್ನುವುದು ಎಷ್ಟು ಸುಲಭವಿತ್ತು. ಆದರೆ ನಮ್ಮೂರಿನಲ್ಲಿ ಹೇಳಿದ್ದಕ್ಕೆ ಹೂಂ ಅನ್ನುತ್ತೇವೆ, ಆಗಬೇಕಾದ್ದಕ್ಕೆ ಅನ್ನುವುದಿಲ್ಲ. ನಾನು ಅವಳ ಟೇಪಿನ ತುದಿಯನ್ನು ಅವಳ ಕೈಗೆ ಕೊಟ್ಟೆ. ನೀಲವ್ವ ಭಜಿಯ ಪೊಟ್ಟಣವನ್ನು ಅವಳ ಕೈಗೆ ತುರುಕಿ ಒಳಗೆ ತಳ್ಳಿದಳು. ಮನೆಗೆ ಬಂದ ಮೇಲೆ, ನಿನ್ನ ಬಾಯಿಗೆ ಬೇಡದಾಗ ಹೂಂ, ಬೇಕಾದಾಗ ಬೀಗ ಎಂದು ನನ್ನನ್ನು ಚೆನ್ನಾಗಿ ಬೈದಳು. ಹೂಂ ಅಂದೆ.

ಮರುದಿನದ ವಿಮಾನದಲ್ಲಿ ಬಂದವರು ಎಲ್ಲರೂ ಒಂದೇ ಟಿಕೆಟಿನವರು, ಪರದೆಯ ಬಸ್ಸು ಹತ್ತಿ ಹೋಗಿಬಿಟ್ಟರು. ಪೆಟ್ಟಿಗೆ ಮನೆ ಖಾಲಿ. ನಾನು ಪೆಟ್ಟಿಗೆಗಳನ್ನು ಒಳಗೆ ತರುವ ಪಟ್ಟಿ ನಿಲ್ಲಿಸಲು ಎದ್ದೆ. ಆಗ ಕೊನೆಯಲ್ಲಿ ಒಂದು ಕೈಚೀಲ, ಅದೇ ಫಾಲ್ಸ್ ಬಟ್ಟೆಯ ಅದೇ ಗಂಟು, ಉರುಳಿಕೊಂಡು ಬಂದು ನೆಲಕ್ಕೆ ಬಿತ್ತು. ಅದರ ಹಿಂದೆ ಸಣ್ಣಗೆ, ನೆಟ್ಟಗೆ, ಇಡೀ ಲೋಕ ತನಗೆ ತಡ ಮಾಡಿಸಿದೆ ಎಂಬ ಮುಖದ ಒಬ್ಬ ಮುದುಕಿ. ಬಾಗಿಲಲ್ಲಿ ನೀಲವ್ವ ಬಾಣಲೆಯ ಉರಿ ಸಣ್ಣ ಮಾಡಿದಳು.

ಏನಪ್ಪಾ ನಿಮ್ಮೂರಿನ ಪದ್ಧತಿ ಎಂದು ಒಂದಿಷ್ಟು ಬೈದು ಪುಟ್ಟತಾಯಮ್ಮ ಹೇಳತೊಡಗಿದರು. ಎರಡು ಸೀರೆ. ಹೂಂ. ಅಕ್ಷತೆಯ ಪೊಟ್ಟಣ, ತಾನೇ ಅರಿಶಿನ ಹಚ್ಚಿದ್ದು. ಹೂಂ. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಕುಟ್ಟುವುದು ಮುಂದೆ ಹೋಗಿದೆ ಎಂದು ನನ್ನ ಮುಖವನ್ನೇ ನೋಡಿದರು. ನಾನು ಛಾವಣಿ ನೋಡಿ ಹೂಂ ಅಂದೆ. ಅಲ್ಲಿಗೆ ಮುಗಿಯಿತು ಎನ್ನುವಂತೆ ಕೈ ಝಾಡಿಸಿಕೊಂಡರು.

ಚೀಲ ಏಳಲಿಲ್ಲ. ಒಂದು ಮಗ್ಗುಲು ಏರಿ, ಇನ್ನೊಂದು ನೆಲದಲ್ಲೇ ಉಳಿಯಿತು.

ಮುದುಕಿ ಚೀಲವನ್ನು ನೋಡಿದರು, ಬಾಗಿಲನ್ನು ನೋಡಿದರು, ತಲೆ ಎತ್ತಿ ಗಿಳಿಗಳನ್ನು ಬಹಳ ಹೊತ್ತು ನೋಡಿದರು. ಬೊಚ್ಚುಬಾಯಿ ಒಮ್ಮೆ ಆಡಿತು, ಬಾಯಲ್ಲಿ ಎಲೆ ಇದ್ದಿದ್ದರೆ ಆಡುತ್ತಿದ್ದ ಹಾಗೆ.

"ಮಗಂದು ಫೋಟೋ" ಎಂದರು. "ಅವಳಿಗೆ ತೋರ್ಸೋಕಲ್ಲ. ಅವನೂ ಮದುವೆ ನೋಡ್ಲಿ ಅಂತ. ಹಿಂದಿನ ಸಾಲಲ್ಲಿ ನನ್ನ ಮಡಿಲಲ್ಲಿ ಇಟ್ಕೊಂಡು ಕೂತಿರ್ತೀನಿ."

ನಿನ್ನೆಯ ಹಾಗೇ ಮತ್ತೆ ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಬಾಗಿಲಲ್ಲಿ ನೀಲವ್ವ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು, ಅವಳಿಂದಲೂ ಸಹಾಯವಿರಲಿಲ್ಲ. ಆಚೆ ತುದಿಯಲ್ಲಿ ಗುರುಪಾದನ ಮೈಕು ಗಂಟಲು ಸರಿಮಾಡಿಕೊಂಡಿತು.

"ಬಾಯಿ ಬಿಟ್ಕೊಂಡು ಏನ್ ನೋಡ್ತೀಯಪ್ಪಾ?" ಎಂದರು ಪುಟ್ಟತಾಯಮ್ಮ. "ಹೊತ್ತಾಯ್ತು. ಹೂಂ ಅನ್ನು."

ಅಂದೆ.